ಮೂಕಿಯ ಮೇಲಿನ ಸೊನ್ನೆ

ಬನ್ನಿ, ಹಿಂದಿನ ಸೀಟಿನಲ್ಲಿ ಮಾವನ ಪಕ್ಕ ನಿಮಗೊಂದು ಜಾಗವಿದೆ. ಚಕ್ಕುಲಿ ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿಕೊಳ್ಳಿ. ಕಾಲ ಬಳಿ ಇರುವ ಹಳದಿ ತುಂಡುಗಳು ಟ್ರೇಲರ್ ಗಾಲಿಗೆ ಅಡ್ಡ ಕೊಡುವವು, ಅವನ್ನು ತುಳಿದರೆ ಮಾವ ಬೈಯುತ್ತಾರೆ. ಹಾಸನದ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಗಾಡಿಗೆ ಸೇರಿದ ಯಾವ ಸಾಮಾನಿಗೂ ಕಾಲು ತಾಗಬಾರದು.

ಶುಕ್ರವಾರ, ಬೆಳಿಗ್ಗೆ ಎಂಟೂಕಾಲು. ಮಿಷಿಗನ್ ರಾಜ್ಯದ ಕೆಳಭಾಗ ಮುಗಿದು ನೀರು ಶುರುವಾಗುವ ಕಡೆ, ಮ್ಯಾಕಿನಾ ಸಿಟಿಯ ಕ್ಯಾಂಪ್‌ಗ್ರೌಂಡಿನಲ್ಲಿದ್ದೇವೆ. ಪೈನ್ ಮರಗಳ ಸಂದಿಯಲ್ಲಿ ಎರಡು ದಂತದ ಬಣ್ಣದ ಗೋಪುರ ಕಾಣುತ್ತಿವೆಯಲ್ಲ, ಅದೇ ಸೇತುವೆ. ಗಾಳಿ ಜೋರಾಗಿದೆ. ಪಕ್ಕದ ಟೆಂಟಿನವರ ಟವೆಲ್ಲು ಹಗ್ಗದಿಂದ ಹಾರಿ ನಮ್ಮ ಟ್ರೇಲರಿನ ಬಾಗಿಲಿಗೆ ಅಂಟಿಕೊಂಡಿದೆ.

ಟ್ರೇಲರ್ ಅಂದೆ, ನೋಡಿದಿರಾ? ಇಪ್ಪತ್ತು ಅಡಿ ಉದ್ದ, ನಾಲ್ಕು ಗಾಲಿ, ಒಳಗೆ ಎರಡು ಒಲೆ, ಒಂದು ಸಿಂಕು, ಎದ್ದು ನಿಂತರೆ ತಲೆ ತಾಗದಷ್ಟು ಬಚ್ಚಲು. ಹೊಸದು; ಒಳಗೆ ಕಾಲಿಟ್ಟರೆ ಇನ್ನೂ ಅಂಟು, ಪ್ಲೈವುಡ್ಡಿನ ವಾಸನೆ. ಹಿಂದೆ ಎಡಮೂಲೆಯಲ್ಲಿ ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಕಾಗದವಿದೆ. ಡೀಲರ್ ಕೊಟ್ಟ ತಾತ್ಕಾಲಿಕ ಪರವಾನಗಿ. ಪ್ಲಾಸ್ಟಿಕ್ ಕವರಿನೊಳಗೆ ಮಳೆನೀರು ಇಳಿದು ಅದರ ಶಾಯಿ ಈಗಾಗಲೇ ನೇರಳೆ ಬಣ್ಣಕ್ಕೆ ತಿರುಗಿದೆ.

ಇವತ್ತು ಹದಿನಾಲ್ಕನೇ ದಿನ. ಮಿಷಿಗನ್ನಿನಲ್ಲಿ ಗಾಡಿ ಕೊಂಡ 15 ದಿನದೊಳಗೆ ನಿಮ್ಮ ಹೆಸರಿಗೆ ಟೈಟಲ್ ಮಾಡಿಸಬೇಕು, ತಪ್ಪಿದರೆ 15 ಡಾಲರ್ ದಂಡ. ನಾಳೆ ಶನಿವಾರ, ಆಫೀಸಿಲ್ಲ. ಹದಿನೈದು ಡಾಲರ್ ದೊಡ್ಡ ಮೊತ್ತವೇನಲ್ಲ, ನಾಲ್ಕು ಜನರ ಕಾಫಿ ದುಡ್ಡು. ಆದರೆ ವೀಸಾದ ಮೇಲೆ ಬದುಕುವವರ ಮನೆಯಲ್ಲಿ 'ಗಡುವು ಮೀರಿತು' ಎಂಬ ಮಾತಿಗೆ ಬೇರೆಯೇ ಭಾರವಿರುತ್ತದೆ.

'ಅಷ್ಟು ದಿನ ಏನು ಮಾಡ್ತಿದ್ರಿ?' ಎಂದು ಮಾವ ಕೇಳಿದ್ದರು. ನಿಮಗೂ ಅದೇ ಅನಿಸಿರಬೇಕು, ಹೇಳುತ್ತೇನೆ.

ಟ್ರೇಲರ್ ತಂದಿದ್ದು ಪಕ್ಕದ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸೀಮೆಯಿಂದ. ಅಮೆರಿಕದ ಇಂಥ ಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಅಲ್ಲೇ. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಲ್ಲಿ ಆಮಿಶ್ ಪಂಗಡದವರು ಬಹಳ. ಸ್ವಂತಕ್ಕೆ ಕಾರು ಇಟ್ಟುಕೊಳ್ಳದ, ಕುದುರೆಗಾಡಿಯಲ್ಲಿ ಓಡಾಡುವ ಜನ ಬೇರೆಯವರಿಗೆ ಗಾಲಿಯ ಮೇಲಿನ ಮನೆ ಕಟ್ಟಿಕೊಡುತ್ತಾರೆ. ಅಲ್ಲಿನ ರಸ್ತೆಯಲ್ಲಿ ಒಂದು ಕಪ್ಪು ಕುದುರೆಗಾಡಿಯ ಹಿಂದೆ ನಾವು ಹತ್ತು ನಿಮಿಷ ತೆವಳಿದೆವು. ಅದರ ಬೆನ್ನಿಗೂ ನಂಬರ್ ಪ್ಲೇಟ್ ಇತ್ತು. 'ಕುದುರೆಗಾಡಿಗೂ ನಂಬರಿದೆ, ನಿಮ್ಮದಕ್ಕೇ ಇಲ್ಲ' ಎಂದು ಮಾವ ಅವತ್ತೇ ಹೇಳಿದ್ದರು.

ಡೀಲರ್ ಹೊರರಾಜ್ಯದವನಾದ್ದರಿಂದ ನೋಂದಣಿ ನಮ್ಮ ತಲೆಗೇ ಬಂತು. ಮೂಲ ಕಾಗದ ಒಂದು ವಾರದಲ್ಲಿ ಕೊರಿಯರಿನಲ್ಲಿ ಬರುತ್ತದೆ ಅಂದ. ಡೆಟ್ರಾಯಿಟ್ ಹೊರವಲಯದ ನಮ್ಮ ಮನೆಗೆ ಅದು ತಲುಪಿದ್ದು ನಾವು ಬೀಗ ಹಾಕಿ ಹೊರಟ ಮೇಲೆ. ಕನ್ನಡ ಕೂಟದ ಗೆಳತಿ ಅದನ್ನು ಮತ್ತೆ ಲಕೋಟೆಗೆ ಹಾಕಿ ಈ ಕ್ಯಾಂಪ್‌ಗ್ರೌಂಡ್ ವಿಳಾಸಕ್ಕೆ ಕಳಿಸಿದಳು. ಜೊತೆಗೆ ಒಂದು ಪೊಟ್ಟಣ ಚಟ್ನಿಪುಡಿ ಬೇರೆ. ನಿನ್ನೆ ಸಂಜೆ ಕೈಗೆ ಬಂತು. ಡ್ಯಾಶ್‌ಬೋರ್ಡ್ ಮೇಲಿನ ಆ ದಪ್ಪ ಲಕೋಟೆ ಅದೇ. ಮೂಸಿ ನೋಡಿ, ಸರ್ಕಾರಿ ಕಾಗದಕ್ಕೆ ಇಂಗಿನ ವಾಸನೆ ಹತ್ತಿದೆ.

ಸರಿ, ಇಳಿಯಿರಿ. ಗಾಡಿ ಕಟ್ಟುವುದನ್ನು ನೋಡಬೇಕು.

ಟ್ರೇಲರಿನ ಮುಂದೆ ತ್ರಿಕೋನದ ಹಾಗೆ ಚಾಚಿಕೊಂಡ ಕಬ್ಬಿಣದ ತೊಲೆಗೆ ಇಲ್ಲಿಯವರು ನಾಲಿಗೆ ಎನ್ನುತ್ತಾರೆ. ಮಾವ ಮೊದಲ ದಿನವೇ ಅದಕ್ಕೆ ಸರಿಯಾದ ಹೆಸರಿಟ್ಟರು: ಮೂಕಿ. ಎತ್ತಿನ ಗಾಡಿಯ ಮೂಕಿಮರವೇ. ಟ್ರೇಲರಿನ ಒಟ್ಟು ಭಾರದಲ್ಲಿ ಶೇ. 10ರಿಂದ 15ರಷ್ಟು ಈ ಮೂಕಿಯ ಮೇಲೆ ಕೂರಬೇಕು ಅನ್ನುತ್ತದೆ ನಿಯಮ. ಕಡಿಮೆಯಾದರೆ ಹೈವೇಯಲ್ಲಿ ಬಾಲ ಆಡಿಸುತ್ತದೆ, ಹೆಚ್ಚಾದರೆ ಕಾರಿನ ಮೂತಿ ಮೇಲೇಳುತ್ತದೆ. ನನ್ನ ಗಂಡ ಇದನ್ನು ಕಲಿಯಲು ಮೂರು ರಾತ್ರಿ ವಿಡಿಯೊ ನೋಡಿದ್ದ. ಮಾವ ಒಂದೇ ಮಾತಿನಲ್ಲಿ ಮುಗಿಸಿದರು: 'ಹಿಂಭಾರ ಆದ್ರೆ ನೊಗ ಎತ್ತಿನ ಕುತ್ತಿಗೆ ಎತ್ತುತ್ತೆ, ಮುಂಭಾರ ಆದ್ರೆ ಎತ್ತು ಮಂಡಿ ಊರುತ್ತೆ. ನೀರಿನ ಕ್ಯಾನು ಮುಂದಕ್ಕೆ ಇಡ್ರೋ.'

ಕಾರನ್ನು ಹಿಂದೆ ತರುತ್ತಿರುವವಳು ನಾನು. ಮಾವ ಕೈಸನ್ನೆ ಮಾಡುತ್ತಿದ್ದಾರೆ, ಬಸ್ ಸ್ಟ್ಯಾಂಡಿನ ಗತ್ತಿನಲ್ಲಿ: 'ರೈಟ್... ರೈಟ್... ಹೋಲ್ಡಾನ್!' ಕಾರಿನ ಹಿಂದಿನ ಗುಂಡಿನ ಮೇಲೆ ಮೂಕಿಯ ತುದಿಯ ಬಟ್ಟಲು ಕೂತು ಟಣ್ ಅಂತು. ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಒಂದರ ಮೇಲೊಂದು ಕತ್ತರಿಯಾಗಿ ಹಾಕಬೇಕು. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಆ ತೊಟ್ಟಿಲಲ್ಲಿ ಕೂರುತ್ತದೆ. ಆಮೇಲೆ ತಂತಿಯ ಏಳು ಪಿನ್ನಿನ ಪ್ಲಗ್ಗು. ಮಗಳು ಹಿಂದೆ ನಿಂತು ಕೂಗುತ್ತಾಳೆ: 'ಲೆಫ್ಟ್ ಬಂತು! ರೈಟ್ ಬಂತು! ಬ್ರೇಕ್... ಅಮ್ಮ, ಬ್ರೇಕ್ ಒತ್ತಿದ್ಯಾ? ಹಾಂ, ಬಂತು!' ಒಂಬತ್ತು ವರ್ಷದ ಪುಟ್ಟಿಗೆ ಈ ಎರಡು ವಾರದಲ್ಲಿ ಸಿಕ್ಕ ಅತಿ ದೊಡ್ಡ ಹುದ್ದೆ ಇದು.

ಹೊರಟೆವು. ಸೇತುವೆಗೆ ಏರುವ ಮುಂಚೆ ಬೋರ್ಡು ಮಿನುಗುತ್ತಿದೆ: ಜೋರು ಗಾಳಿ, ಗಾಡಿಯ ವೇಗ ಗಂಟೆಗೆ 20 ಮೈಲಿ, ಎತ್ತರದ ಗಾಡಿಗಳು ಬೆಂಗಾವಲಿಗೆ ಕಾಯಿರಿ. ಎತ್ತರದ ಗಾಡಿ ಅಂದರೆ ನಾವೇ. ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಗಾಳಿ ಟ್ರೇಲರಿನ ಬೆನ್ನಿಗೆ ಗುದ್ದಿದಾಗಲೆಲ್ಲ ಇಡೀ ಕಾರು ಒಮ್ಮೆ ಉಸಿರೆಳೆದುಕೊಂಡಂತೆ ಅಲುಗುತ್ತದೆ, ನಿಮಗೂ ಗೊತ್ತಾಗುತ್ತಿದೆಯಲ್ಲ? ಈ ಸೇತುವೆ ದಾಟಲು ಹೆದರುವವರ ಕಾರನ್ನು ಅಲ್ಲಿನ ಸಿಬ್ಬಂದಿಯೇ ಓಡಿಸಿ ಆಚೆ ದಡಕ್ಕೆ ಬಿಟ್ಟುಕೊಡುವ ವ್ಯವಸ್ಥೆಯಿದೆ. ಗಂಡ ನನ್ನ ಮುಖ ನೋಡಿದ. ನಾನು ನೋಡಲಿಲ್ಲ.

ಹಳದಿ ದೀಪದ ಗಾಡಿ ಬಂತು. ಅದರ ಹಿಂದೆ ಒಂದು ಹಾಲಿನ ಟ್ರಕ್ಕು, ಅದರ ಹಿಂದೆ ನಾವು. 1957ರಲ್ಲಿ ಓಡಾಟಕ್ಕೆ ತೆರೆದ ಸೇತುವೆ. ಈ ತುದಿಯಿಂದ ಆ ತುದಿಗೆ 26,372 ಅಡಿ, ಐದು ಮೈಲಿ. ಎಡಗಡೆ ಮಿಷಿಗನ್ ಸರೋವರ, ಬಲಗಡೆ ಹ್ಯೂರನ್ ಸರೋವರ. ಎರಡರ ನೀರೂ ನಮ್ಮ ಕೆಳಗೇ ಕೂಡುತ್ತದೆ, ನಟ್ಟನಡುವೆ ನಾವು ನೀರಿನಿಂದ ಹೆಚ್ಚುಕಡಿಮೆ 200 ಅಡಿ ಮೇಲಿರುತ್ತೇವೆ. ಒಳಗಿನ ಲೇನಿಗೆ ಡಾಂಬರಿಲ್ಲ, ಬರೀ ಕಬ್ಬಿಣದ ಜಾಲರಿ. ಅದರ ಮೇಲೆ ಹೋಗುವ ಕಾರುಗಳು ಗುಂಯ್ ಎಂದು ದುಂಬಿಯ ಹಾಗೆ ಕೂಗುತ್ತವೆ. ಪುಟ್ಟಿ ಅದೇ ಶ್ರುತಿಗೆ ಗುಂಯ್ ಎನ್ನುತ್ತಿದ್ದಾಳೆ. ಮಾವ ಮಾತ್ರ ಕನ್ನಡಿಯಲ್ಲಿ ಹಿಂದಿನ ಟ್ರೇಲರನ್ನೇ ನೋಡುತ್ತಿದ್ದಾರೆ.

'ಕಾಗದ ಹಾರಿಹೋದ್ರೆ?' ಅಂದರು.

ಯಾರೂ ಮಾತಾಡಲಿಲ್ಲ. ಐದು ಮೈಲಿಗೆ ಹದಿನೈದು ನಿಮಿಷ. ನನ್ನ ಎರಡೂ ಅಂಗೈ ಒದ್ದೆ.

ಉತ್ತರ ದಡದಲ್ಲಿ ಟೋಲು. ಒಂದು ಅಚ್ಚಿಗೆ ಎರಡು ಡಾಲರ್ ಲೆಕ್ಕ: ಕಾರಿನ ಎರಡು, ಟ್ರೇಲರಿನ ಎರಡು, ಒಟ್ಟು ಎಂಟು. ಕಟ್ಟಿ ಮುಂದೆ ಬಂದು ಮೊದಲು ಸಿಕ್ಕ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಎಲ್ಲರೂ ಹಿಂದಕ್ಕೆ ಓಡಿದೆವು. ಕಾಗದ ಇತ್ತು. ಒಂದು ಮೂಲೆ ಕಿತ್ತಿತ್ತು, ಅಷ್ಟೇ.

ಇನ್ನು ಆಫೀಸು. ಬೇರೆ ರಾಜ್ಯಗಳಲ್ಲಿ ಡಿಎಂವಿ ಅನ್ನುತ್ತಾರಲ್ಲ, ಮಿಷಿಗನ್ನಿನಲ್ಲಿ ಆ ಕೆಲಸವೆಲ್ಲ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯದು. ಹೆಸರು ಕೇಳಿ ಮಾವ ಮೊದಲು ಗಾಬರಿಯಾಗಿದ್ದರು. 'ಲೋ, ಟ್ರೇಲರ್ ನಂಬರಿಗೆ ವಿದೇಶಾಂಗ ಮಂತ್ರಿ ಯಾಕೋ?' ದೇಶದ ಮಟ್ಟದಲ್ಲಿ ಆ ಹೆಸರಿನ ಹುದ್ದೆ ವಿದೇಶಾಂಗದ್ದೇ. ಇಲ್ಲಿ ರಾಜ್ಯದ ಮಟ್ಟದಲ್ಲಿ ಚುನಾವಣೆ ನಡೆಸುವುದೂ ಗಾಡಿಗೆ ಪ್ಲೇಟು ಕೊಡುವುದೂ ಅದೇ ಹೆಸರಿನ ಇಲಾಖೆ. ರಾಜ್ಯದ ಯಾವ ಶಾಖೆಗೆ ಹೋದರೂ ಆಗುತ್ತದೆ, ಮನೆ ಇರುವ ಜಿಲ್ಲೆಗೇ ಹೋಗಬೇಕೆಂದಿಲ್ಲ. ಹಾಸನದಲ್ಲಿ ಕೊಂಡ ಸ್ಕೂಟರನ್ನು ಬೀದರಿನಲ್ಲಿ ರಿಜಿಸ್ಟರ್ ಮಾಡಿಸಿದ ಹಾಗೆ.

ಹೈವೇ ಪಕ್ಕದ ಒಂದು ಸಣ್ಣ ಊರು. ಉದ್ದನೆಯ ಒಂದಂತಸ್ತಿನ ಕಟ್ಟಡದ ಕೊನೆಯ ಮಳಿಗೆ. ಪಾರ್ಕಿಂಗಿನಲ್ಲಿ ಟ್ರೇಲರ್ ನಿಲ್ಲಿಸಲು ಆರು ಜಾಗ ಅಡ್ಡಡ್ಡ ನುಂಗಿದೆ. ಕ್ಷಮಿಸಿ ಎನ್ನಲು ಸುತ್ತ ಯಾರೂ ಇರಲಿಲ್ಲ. ಒಳಗೆ ಮೂರು ಕೌಂಟರ್, ಹತ್ತು ಕುರ್ಚಿ, ಗೋಡೆಯ ಮೇಲೆ ಬಗೆಬಗೆಯ ಪ್ಲೇಟುಗಳ ಮಾದರಿ. ಮಾವ ಬಾಗಿಲಲ್ಲೇ ನಿಂತು ಹಿಂದೆ ಮುಂದೆ ನೋಡಿದರು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತು. ಆರ್‌ಟಿಒ ಕಚೇರಿಯ ಮುಂದೆ ಮರದ ಕೆಳಗೆ ಟೇಬಲ್ ಹಾಕಿ ಕೂರುವ ಏಜೆಂಟ್ ಇಲ್ಲಿಲ್ಲ.

ನಮ್ಮ ಸರದಿ ಬಂತು. ಕೌಂಟರಿನ ಹೆಂಗಸಿಗೆ ಅರವತ್ತರ ಹತ್ತಿರ, ಕನ್ನಡಕಕ್ಕೆ ಮಣಿಸರ. ಲಕೋಟೆ ಬಿಚ್ಚಿ ಮೊದಲು ತೆಗೆದದ್ದು ಗಾಡಿಯ ಜನ್ಮಪತ್ರ. ಕಾರ್ಖಾನೆ ಕೊಡುವ ಸರ್ಟಿಫಿಕೇಟ್ ಆಫ್ ಆರಿಜಿನ್. ನೋಟಿನ ಹಾಗೆ ಬಣ್ಣದ ಬಳ್ಳಿ ಮುದ್ರಿಸಿದ ಕಾಗದ, ಹಿಂದೆ ಡೀಲರ್ ನಮ್ಮ ಹೆಸರಿಗೆ ಬರೆದುಕೊಟ್ಟ ಸಹಿ. ಆಮೇಲೆ ಬಿಲ್ಲು. ಎರಡನ್ನೂ ಪಕ್ಕಪಕ್ಕ ಇಟ್ಟು ಪೆನ್ಸಿಲ್ ತುದಿಯಲ್ಲಿ ಒಂದೊಂದೇ ಅಕ್ಷರ ಮುಟ್ಟುತ್ತಾ ಹೋದರು. ಹನ್ನೊಂದು, ಹನ್ನೆರಡು... ಪೆನ್ಸಿಲ್ ನಿಂತಿತು.

ಮುಂದೆ ಬಾಗಿ, ನೀವೇ ನೋಡಿ. ಗಾಡಿಯ ಗುರುತಿನ ಸಂಖ್ಯೆಗೆ 17 ಅಕ್ಷರ. ಜನ್ಮಪತ್ರದಲ್ಲಿ ಹನ್ನೆರಡನೆಯದು ಸೊನ್ನೆ. ಬಿಲ್ಲಿನಲ್ಲಿ ಅದೇ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ, ಹೊಟ್ಟೆ ಉಬ್ಬಿಸಿಕೊಂಡು ದುಂಡಗೆ ಕೂತಿದೆ.

'ಈ ನಂಬರಿನಲ್ಲಿ ಓ ಬರೋದೇ ಇಲ್ಲ' ಎಂದರು ಆಕೆ. ಐ, ಓ, ಕ್ಯೂ, ಈ ಮೂರು ಅಕ್ಷರಗಳನ್ನು ಬೇಕೆಂದೇ ಬಿಟ್ಟಿದ್ದಾರಂತೆ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗದಿರಲಿ ಎಂದು. ಗೊಂದಲ ತಪ್ಪಿಸಲು ಮಾಡಿದ ನಿಯಮವನ್ನೇ ನಮ್ಮ ಡೀಲರಿನ ಟೈಪಿಸ್ಟ್ ಗೆದ್ದುಬಿಟ್ಟಿದ್ದ.

ಬಿಲ್ಲು ಯಾಕೆ ಮುಖ್ಯ ಅಂದರೆ, ತೆರಿಗೆ ಕಟ್ಟಿದ್ದಕ್ಕೆ ಇರುವ ಸಾಕ್ಷಿ ಅದೊಂದೇ. ಮಿಷಿಗನ್ ಗಾಡಿಯ ಬೆಲೆಯ ಮೇಲೆ ಶೇ. 6 ಕೇಳುತ್ತದೆ, ಬೇರೆ ರಾಜ್ಯದಲ್ಲಿ ಕಟ್ಟಿದ್ದರೆ ಅಷ್ಟನ್ನು ವಜಾ ಮಾಡುತ್ತದೆ. ನಮ್ಮದು 24,000 ಡಾಲರಿನ ಗಾಡಿ. ಒಂದು ಸೊನ್ನೆ ದುಂಡಗಾದ ತಪ್ಪಿಗೆ 1,440 ಡಾಲರ್ ಇನ್ನೊಂದು ಸಲ. ಗಂಡನ ಕಿವಿ ಕೆಂಪಾಗಿದ್ದು ನಿಮಗೂ ಕಾಣುತ್ತಿರಬೇಕು.

'ತಿದ್ದಿದ ಬಿಲ್ಲು ತರಿಸಿ. ಅಷ್ಟರಲ್ಲಿ ಗಾಡಿಯ ಮೇಲೆ ಏನಿದೆ ನೋಡಿಕೊಂಡು ಬನ್ನಿ' ಎಂದರು ಆಕೆ.

ಗಂಡ ಫೋನ್ ಹಿಡಿದು ಹೊರಗೆ ಹೋದ. ಡೀಲರ್ ಕಡೆಯಿಂದ ಕಾಯುವ ಸಂಗೀತ ಶುರುವಾಯಿತು. ಕೊನೆಗೆ ಎತ್ತಿಕೊಂಡವನು 'ಎರಡೂ ನೋಡೋಕೆ ಒಂದೇ ಥರ ಅಲ್ವಾ ಸರ್' ಎಂದನಂತೆ. ಆ ಮಾತುಕತೆ ಮುಕ್ಕಾಲು ಗಂಟೆ ನಡೆಯಿತು. ಅದರಲ್ಲಿ ಕೇಳುವಂಥದ್ದೇನಿಲ್ಲ, ನಾವು ಮಾವನ ಹಿಂದೆ ಹೋಗೋಣ.

ಮಾವ ಮೂಕಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಗಾಡಿಯ ಎಡಮೈಯಲ್ಲಿ ನಂಬರಿನ ಸ್ಟಿಕ್ಕರ್ ಇದೆ, ನಾನು ಫೋಟೊ ತೆಗೆದೆ. ಅದು ಅವರಿಗೆ ಸಾಲದು. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು, ಕಬ್ಬಿಣ ಸುಳ್ಳು ಹೇಳಲ್ಲ ಎಂಬುದು ಡಿಪೋ ಸಿದ್ಧಾಂತ. ತೊಲೆಯ ಮೇಲೆ ಎರಡು ವಾರದ ಧೂಳು, ಸತ್ತ ನೊಣ. ತಮ್ಮ ಕರವಸ್ತ್ರಕ್ಕೆ ಉಗುಳು ಹಚ್ಚಿ ಉಜ್ಜಿದರು. ಕಪ್ಪು ಬಣ್ಣದಡಿ ಗುದ್ದಿ ಕೆತ್ತಿದ ಅಕ್ಷರಗಳು ಮಸುಕಾಗಿ ಎದ್ದವು.

'ಪುಟ್ಟಿ, ಒಂದು ಹಾಳೆ, ಒಂದು ಪೆನ್ಸಿಲ್.'

ನಮ್ಮೂರ ಆರ್‌ಟಿಒದಲ್ಲಿ ಹೊಸ ಗಾಡಿ ನೋಂದಣಿಯ ಫಾರಂ 20ರಲ್ಲಿ ಇದಕ್ಕೆಂದೇ ಜಾಗವಿದೆ: ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಕಾಗದವನ್ನು ಕಬ್ಬಿಣದ ಮೇಲೆ ಬಿಗಿಯಾಗಿ ಹಿಡಿದು ಪೆನ್ಸಿಲನ್ನು ಓರೆ ಮಾಡಿ ಉಜ್ಜುವುದು. ನಾಣ್ಯದ ಮೇಲೆ ಹಾಳೆ ಇಟ್ಟು ನಾವೆಲ್ಲ ಚಿಕ್ಕಂದಿನಲ್ಲಿ ಮಾಡಿದ್ದೇ. ಗಾಳಿಗೆ ಹಾಳೆ ಹಾರದ ಹಾಗೆ ಪುಟ್ಟಿ ಒಂದು ತುದಿ ಒತ್ತಿದ್ದಾಳೆ, ಇನ್ನೊಂದು ತುದಿಗೆ ನೀವು ಬೆರಳಿಡಿ. ಸರ್, ಸರ್, ಸರ್. ಬೂದುಬಣ್ಣ ಹರಡುತ್ತಾ ಹೋದಂತೆ ಅದರೊಳಗಿಂದ ಬಿಳಿ ಅಕ್ಷರಗಳು ಒಂದೊಂದಾಗಿ ಮೇಲೆ ಬರುತ್ತಿವೆ. ಹತ್ತನೆಯದು ಮಾಡೆಲ್ ವರ್ಷದ ಅಕ್ಷರ. ಹನ್ನೊಂದು. ಹನ್ನೆರಡು: ಸಣಕಲು, ಉದ್ದನೆಯ ಸೊನ್ನೆ. ಅನುಮಾನವೇ ಇಲ್ಲ.

'ತಾತ, ಇದು ಮ್ಯಾಜಿಕ್!' ಎಂದಳು ಪುಟ್ಟಿ. 'ಮ್ಯಾಜಿಕ್ಕಲ್ಲ ಕಣೇ, ಸರ್ವೀಸು' ಎಂದರು ಮಾವ.

ಹಾಳೆಯನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ಹಿಡಿದು ಒಳಗೆ ಬಂದರು. ಕೌಂಟರಿನಾಕೆ ಅದನ್ನು ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಫೈಲಿಗೆ ಅದರ ಅಗತ್ಯವಿಲ್ಲ ಎಂದರು, ಆದರೂ ವಾಪಸು ಕೊಡಲಿಲ್ಲ. 'ನೀವು ಓದಿ, ನಾನು ಹೊಂದಿಸಿಕೊಳ್ಳುತ್ತೇನೆ' ಎಂದರು. ಮಾವ ಶುರು ಮಾಡಿದರು, ಕಂಡಕ್ಟರ್ ಸ್ಟೇಜಿನ ಹೆಸರು ಕೂಗುವ ಧ್ವನಿಯಲ್ಲಿ. ಐದನೇ ಅಕ್ಷರಕ್ಕೆ 'ಜೆಡ್' ಎಂದರು. ಆಕೆ ತಲೆಯೆತ್ತಿದರು. 'ಜೆಡ್, ಜೆಡ್' ಎಂದು ಮಾವ ಒತ್ತಿ ಹೇಳಿದರು. ಪುಟ್ಟಿ ನಡುವೆ ಬಂದು 'ಜೀ, ತಾತ, ಇಲ್ಲಿ ಜೀ ಅಂತಾರೆ' ಎಂದಳು. 'ಜೀ ಬೇರೆ ಅಕ್ಷರ ಅಲ್ವೇನೇ?' ಕೊನೆಗೆ ಮಾವ ಗಾಳಿಯಲ್ಲಿ ಬೆರಳಿಂದ ಬರೆದು ತೋರಿಸಿದರು. ಆಕೆ ನಕ್ಕುಬಿಟ್ಟರು. ಕುರ್ಚಿಯಲ್ಲಿ ಕೂತಿದ್ದ ಮೀನುಗಾರರ ಬೂಟಿನವನೂ ನಕ್ಕ. ಹದಿನೇಳೂ ಹೊಂದಿದವು.

ಅಷ್ಟರಲ್ಲಿ ತಿದ್ದಿದ ಬಿಲ್ಲು ಗಂಡನ ಫೋನಿಗೆ ಬಂತು, ಅಲ್ಲಿಂದ ಆಕೆಯ ಪ್ರಿಂಟರಿಗೆ. ಮುಂದಿನದೆಲ್ಲ ಸರಸರ. ಲೈಸೆನ್ಸ್ ಕೊಡಿ, ಇಲ್ಲಿ ಸಹಿ, ಅಲ್ಲಿ ಸಹಿ. ಒಂದೇ ಕಡೆ ತಡೆಯಿತು.

'ಇಬ್ಬರ ಹೆಸರಿಗೂ ಮಾಡ್ತಿದ್ದೀರಿ. ಫುಲ್ ರೈಟ್ಸ್ ಟು ಸರ್ವೈವರ್ ಅಂತ ಸೇರಿಸಲೇ?'

ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಕೋರ್ಟು ಕಚೇರಿ ಇಲ್ಲದೆ ಗಾಡಿ ಉಳಿದವರಿಗೆ ಸೇರುವ ಒಕ್ಕಣೆ. ಸಹಿ ಹಾಕುವ ಪೆನ್ನು ಹಿಡಿದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪ್ರವಾಸದ ಮಧ್ಯೆ ಇಂಥ ಪ್ರಶ್ನೆಗೆ ಯಾರು ಸಿದ್ಧರಿರುತ್ತಾರೆ? ಮಾವ 'ಏನಂತೆ?' ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅತ್ತೆ ಹೋದ ಮೇಲೆ ಅವರ ಹೆಸರಿನಲ್ಲಿದ್ದ ಸೈಟಿನ ಖಾತೆ ಬದಲಾಯಿಸಲು ಎರಡು ವರ್ಷ ಅಲೆದವರು. 'ಹಾಕಿಸ್ಕೊಳ್ಳಮ್ಮ' ಎಂದರು. 'ಒಳ್ಳೇ ಪದ್ಧತಿ.'

ಹಾಕಿಸಿದೆವು.

ಟೈಟಲಿಗೆ 15 ಡಾಲರ್. ಪ್ಲೇಟಿಗೆ ಗಾಡಿಯ ಬರೀ ತೂಕದ ಮೇಲೆ ಲೆಕ್ಕ: ನಮ್ಮದು 3,640 ಪೌಂಡ್, 2,500ರಿಂದ 9,999 ಪೌಂಡಿನವರೆಗೆ 200 ಡಾಲರ್. ಗಂಡ ಕಾರ್ಡ್ ಕೊಡುತ್ತಾ ಕೇಳಿದ, 'ಮುಂದಿನ ವರ್ಷ ರಿನ್ಯೂವಲ್ ಯಾವ ತಿಂಗಳು?'

'ಇಲ್ಲ. ಟ್ರೇಲರ್ ಪ್ಲೇಟಿಗೆ ರಿನ್ಯೂವಲ್ ಇಲ್ಲ. ಒಂದು ಸಲ ಕೊಟ್ಟರೆ ಮುಗೀತು, ಗಾಡಿ ನಿಮ್ಮ ಬಳಿ ಇರೋವರೆಗೂ' ಎಂದರು ಆಕೆ.

ಗಂಡ ಇನ್ನೊಮ್ಮೆ ಕೇಳಿದ. ಆಕೆ ಇನ್ನೊಮ್ಮೆ ಹೇಳಿದರು.

ನಮ್ಮ ಮನೆಯಲ್ಲಿ ಕೊನೆಯ ತಾರೀಖಿಲ್ಲದ ಕಾಗದವೇ ಇಲ್ಲ, ಅದಕ್ಕೇ ಅವನು ಎರಡು ಸಲ ಕೇಳಿದ್ದು. ಅವನ ವೀಸಾಕ್ಕೆ ತಾರೀಖು, ಅದಕ್ಕೆ ಜೋತುಬಿದ್ದ ನನ್ನದಕ್ಕೂ ತಾರೀಖು. ಡ್ರೈವಿಂಗ್ ಲೈಸೆನ್ಸು ಕೂಡ ವೀಸಾ ಕಾಗದ ಮುಗಿಯುವ ದಿನಕ್ಕೇ ಮುಗಿಯುತ್ತದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಹನ್ನೊಂದು ವರ್ಷ. ಮಾವ ವಿಮಾನ ಇಳಿದಾಗ ಅವರಿಗೆ ಕೊಟ್ಟಿದ್ದು ಆರು ತಿಂಗಳು. ಇಷ್ಟು ಜನರ ನಡುವೆ ಈ ರಾಜ್ಯ 'ಇರು, ಎಷ್ಟು ದಿನ ಬೇಕಾದರೂ ಇರು' ಎಂದು ಬರೆದುಕೊಟ್ಟದ್ದು ಇಪ್ಪತ್ತು ಅಡಿಯ ಒಂದು ಡಬ್ಬಿಗೆ. ಗಂಡ ಇದನ್ನು ಕನ್ನಡದಲ್ಲಿ ಹೇಳಿದ. ಮಾವ ಜೋರಾಗಿ ನಕ್ಕರು. ನಾನೂ ನಕ್ಕೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪ್ಲೇಟು ಕೈಗೆ ಬಂತು. ತಣ್ಣಗಿದೆ, ಅಂಚು ಚೂಪು, ಹುಷಾರು. ಸ್ಕ್ರೂ ಮಾತ್ರ ಅವರು ಕೊಡುವುದಿಲ್ಲ. ಕಾಗದದ ಕವರಿಗೆ ಹಾಕಿದ್ದ ಎರಡನ್ನು ಮಾವ ಬಿಚ್ಚಿದರು. ಇನ್ನೆರಡು ಅವರ ಕನ್ನಡಕದ ಡಬ್ಬಿಯಲ್ಲಿದ್ದವು. ಯಾಕಿದ್ದವು ಎಂದು ನಾವ್ಯಾರೂ ಕೇಳಲಿಲ್ಲ. ಪುಟ್ಟಿ ಪ್ಲೇಟು ಹಿಡಿದಳು, ಮಾವ ತಿರುಪಿದರು, ಗಂಡ ಸರಿಯಾಗಿದೆಯೇ ಎಂದು ದೂರ ನಿಂತು ನೋಡಿದ. ನೇರಳೆ ಶಾಯಿಯ ಹಳೆ ಕಾಗದ ಮಡಿಸಿ ಲಕೋಟೆಗೆ ಹೋಯಿತು, ಚಟ್ನಿಪುಡಿಯ ವಾಸನೆಯೊಳಕ್ಕೆ. ಪೆನ್ಸಿಲ್ ಪ್ರಿಂಟ್ ಕೌಂಟರಿನಾಕೆಯ ಮೇಜಿನ ಮೇಲೇ ಉಳಿಯಿತು.

ಗಂಟೆ ಹನ್ನೊಂದೂವರೆ. ಇಲ್ಲಿಂದ ಪಶ್ಚಿಮಕ್ಕೆ ಹೋಗಬೇಕು. ಊಟಕ್ಕೆ ಎಲ್ಲಾದರೂ ನೀರಿನ ದಡದಲ್ಲಿ ನಿಲ್ಲಿಸಿದರೆ ಟ್ರೇಲರಿನ ಒಲೆಯ ಮೇಲೆ ಅನ್ನ ಸಾರು ಆಗುತ್ತದೆ, ನಿಮಗೂ ಸೇರಿಸಿಯೇ ಇಡುತ್ತೇನೆ. ಅಷ್ಟರಲ್ಲಿ ಒಂದು ಮಾತು. ಎಲ್ಲೇ ಗಾಡಿ ಕೊಳ್ಳಿ, ಬಿಲ್ಲಿನ ಮೇಲಿರುವ ನಂಬರನ್ನು ಗಾಡಿಯ ಮೇಲಿರುವ ನಂಬರಿನ ಜೊತೆ, ಡೀಲರಿನ ಅಂಗಳದಲ್ಲಿ ನಿಂತೇ, ಬೆರಳಿಟ್ಟು ಓದಿಕೊಳ್ಳಿ. ಅಮೆರಿಕದ ಗಾಡಿಯಾದರೆ ಹದಿನೇಳರಲ್ಲಿ ಎಲ್ಲಾದರೂ ಓ ಕಂಡಿತೋ, ಸಹಿ ಹಾಕಬೇಡಿ.